ಎಪ್ಪತ್ತು ಕಿಲೋ ಮನುಷ್ಯ

ಅವನಿಗೆ ಹೆಸರಿಲ್ಲ, ತೂಕವಿದೆ: ಎಪ್ಪತ್ತು ಕಿಲೋ.
ಐದು ಲೀಟರ್ ರಕ್ತ, ನಿಮಿಷಕ್ಕೆ ಎಪ್ಪತ್ತೆರಡು ಬಡಿತ,
ಮೈ ಸದಾ ಮೂವತ್ತೇಳು ಡಿಗ್ರಿ.
ಒಂಬೈನೂರು ಪುಟ ಅಂಗಾತ ಮಲಗಿಯೇ ಇದ್ದಾನೆ.
ಹಸಿವಿಲ್ಲ, ಸಾಲವಿಲ್ಲ, ಹತ್ತಿದ ಮೆಟ್ಟಿಲಿಲ್ಲ,
ಅವನ ಕಿಟಕಿಯಾಚೆ ಎಲ್ಲೋ ಸಮುದ್ರ.

ನಾನು ಸಬೀನಾ ಹುವಾರಾಚಿ, ಎರಡನೇ ವರ್ಷ,
ನಲವತ್ತೊಂಬತ್ತು ಕಿಲೋ.
ಎಲ್ ಆಲ್ಟೊದಿಂದ ಕೇಬಲ್ ಕಾರಿನಲ್ಲಿ ತೂಗುತ್ತ
ಲಾ ಪಾಸ್‌ನ ಪ್ರಯೋಗಾಲಯಕ್ಕೆ ದಿನಾ ಇಳಿಯುತ್ತೇನೆ,
ಮಡಿಲಲ್ಲಿ ಅವನನ್ನು ಮಲಗಿಸಿಕೊಂಡು.
ಜೆರಾಕ್ಸ್ ಪ್ರತಿ; ಮೂತ್ರಪಿಂಡದ ಅಧ್ಯಾಯದಲ್ಲಿ
ಎರಡು ಪುಟ ಮಾಯ.

ಇವತ್ತು ರಕ್ತದ ಪಾಠ.
ಬೆರಳ ತುದಿಗೆ ಸೂಜಿ. ಕೂದಲೆಳೆಯಂಥ ಗಾಜುನಳಿಗೆಗೆ
ಕೆಂಪು ತಾನಾಗಿ ಏರುತ್ತದೆ, ಕರೆಯಬೇಕಿಲ್ಲ.
ತುದಿಗೆ ಜೇಡಿ ಮೆತ್ತಿ, ಯಂತ್ರದಲ್ಲಿಟ್ಟು, ಐದು ನಿಮಿಷ ಗಿರಗಿರ.
ಮೇಲೆ ಒಣಹುಲ್ಲಿನ ಬಣ್ಣದ ನೀರು,
ಕೆಳಗೆ ಒತ್ತೊತ್ತಿ ಕೂತ ಕಣಗಳು.
ಅಳೆದೆ: ಐವತ್ತೊಂದು.
ಪುಸ್ತಕ ತೆರೆದೆ: ಹೆಂಗಸಿಗೆ ನಲವತ್ತರ ಆಸುಪಾಸು.
ಮತ್ತೆ ಅಳೆದೆ. ರಕ್ತ ಮಾತು ಬದಲಿಸಲಿಲ್ಲ.

ಬೆರಳು ಕಚ್ಚುವ ಕ್ಲಿಪ್ಪು ಹೇಳಿತು: ಎಂಬತ್ತೊಂಬತ್ತು.
ಪುಸ್ತಕದ ಪ್ರಕಾರ ನನಗೊಂದು ಮಂಚ ಬೇಕು, ಮೂಗಿಗೆ ನಳಿಕೆ ಬೇಕು.
ಪಕ್ಕದ ಫಾಬ್ರಿಸಿಯೊ ಸಾಂತಾ ಕ್ರೂಸ್‌ನ ಬಯಲಿನ ಹುಡುಗ,
ಮೇಲೆ ಬಂದು ಎಂಟೇ ದಿನ, ತಲೆಸಿಡಿತ, ತುಟಿ ನೀಲಿ,
ಅವನ ಕೆಂಪು ಮಾತ್ರ ಪುಸ್ತಕದ ಗೆರೆಗೆ ಸರಿಯಾಗಿ ನಿಂತಿತ್ತು.
ನಾರ್ಮಲ್, ಎಂದು ಬರೆದುಕೊಂಡು
ಹೊರಗೆ ಹೋಗಿ ವಾಂತಿ ಮಾಡಿದ.

ಡಾಕ್ಟರಾ ಅರಾನ್ಸಿಬಿಯಾ ಗೋಡೆಯ ವಾಯುಭಾರಮಾಪಕ ತಟ್ಟಿದರು.
ಪುಸ್ತಕದಲ್ಲಿ ಏಳುನೂರ ಅರವತ್ತು. ಮುಳ್ಳು ನಿಂತದ್ದು
ನಾನೂರ ತೊಂಬತ್ತೈದರಲ್ಲಿ.
"ಇದನ್ನು ಬರೆದವರು ಸಮುದ್ರಮಟ್ಟದಲ್ಲಿ ಕೂತಿದ್ದರು, ಮಕ್ಕಳೇ."
ಯಾರೂ ನಗಲಿಲ್ಲ.
ಸಮುದ್ರ ಕಳಕೊಂಡ ದೇಶ ನಮ್ಮದು.
ಪ್ರತಿ ಮಾರ್ಚಿನಲ್ಲಿ ಬ್ಯಾಂಡು ಬಾರಿಸುತ್ತ
ಕಾಣದ ನೀರಿಗಾಗಿ ಸಾಲಾಗಿ ನಡೆದ ಶಾಲೆಮಕ್ಕಳು ನಾವೆಲ್ಲ.
ಈಗ ಆ ಇಲ್ಲದ ಕಡಲಿನಿಂದಲೇ
ನಮ್ಮ ಉಸಿರಿನ ಎತ್ತರ ಅಳೆಯಬೇಕು.

ರಾತ್ರಿ ಚಿಕ್ಕಮ್ಮ ಎವುಲೋಹಿಯಾಳ ನಾಡಿ ಹಿಡಿದೆ.
ಆಲೂಗಡ್ಡೆಯ ಮೂಟೆ ಬೆನ್ನಿಗೆ ಕಟ್ಟಿ
ಮೂರು ಮಹಡಿ ಏರಿ ಬಂದವಳು
ಏದುಸಿರೂ ಇಲ್ಲದೆ ಬೈಯುತ್ತಿದ್ದಳು:
ಬೆರಳು ಐಸಾಗಿದೆ ನಿಂದು, ಮೊದಲು ಉಣ್ಣು.
ಎಣಿಕೆ ತಪ್ಪಿತು. ಮತ್ತೆ ಒಂದರಿಂದ.
ಸುಮ್ಮನಿರಿಸಲು ಮೂತ್ರಪಿಂಡದ ಕಥೆ ಹೇಳಿದೆ:
ದಿನಕ್ಕೆ ನೂರೆಂಬತ್ತು ಲೀಟರ್ ಸೋಸುತ್ತವಂತೆ,
ಹೊರಗೆ ಚೆಲ್ಲುವುದು ಬರೀ ಒಂದೂವರೆ.
"ಉಳಿದದ್ದು?"
ವಾಪಸ್ ರಕ್ತಕ್ಕೆ.
ಟ್ಯಾಂಕರ್ ಬಳಿ ಬಕೆಟ್ ಹಿಡಿದು ಒರಟಾದ
ತನ್ನ ಅಂಗೈ ನೋಡಿಕೊಂಡಳು.
"ಹಾಗಾದರೆ ಒಳಗೂ ನನ್ನಂಥವಳೊಬ್ಬಳು
ಮನೆ ತೂಗಿಸುತ್ತಿದ್ದಾಳೆ ಅನ್ನು."

ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ನಿನ ವಕ್ರರೇಖೆ ಬಂತು.
ಗೊತ್ತಿರುವ ದಾರಿ ಅದು:
ಮೇಲೆ ನಮ್ಮ ಎಲ್ ಆಲ್ಟೊದ ಹಾಗೆ ಸಮತಟ್ಟು,
ಅಂಚಿನಲ್ಲಿ ಒಮ್ಮೆಲೇ ಮುರಿದು ಬೀಳುವ ಇಳಿಜಾರು.
ಎಪ್ಪತ್ತು ಕಿಲೋದವನನ್ನು ಸಮತಟ್ಟಿನ ಆ ತುದಿಯಲ್ಲಿ,
ತೊಂಬತ್ತೆಂಟರ ಮೆತ್ತೆಯಲ್ಲಿ, ಹೊದಿಕೆ ಸರಿಮಾಡಿ ಮಲಗಿಸಿದೆ.
ಆಮೇಲೆ, ಯಾರೂ ಕೇಳಿರಲಿಲ್ಲ,
ಇಳಿಜಾರು ಶುರುವಾಗುವಲ್ಲಿ ಒಂದು ಚುಕ್ಕೆ ಇಟ್ಟು
ಬರೆದೆ: ನಮ್ಮ ಮನೆ.

ಉತ್ತರಪತ್ರಿಕೆ ಮರಳಿದಾಗ
ಚುಕ್ಕೆಯ ಸುತ್ತ ಕೆಂಪು ಶಾಯಿ,
ಪಕ್ಕದಲ್ಲಿ ಡಾಕ್ಟರಾ ಅವರ ಅವಸರದ ಅಕ್ಷರ:
ಅಕ್ಷಗಳಿಗೆ ಹೆಸರಿಲ್ಲ, ಅರ್ಧ ಅಂಕ ಕಡಿತ.
ಮನೆ ಇನ್ನೂ ಸ್ವಲ್ಪ ಎಡಕ್ಕೆ.